ಮಿರಿಯಮ್ ಮಿಸ್ ಹೇಳದೆ ಇದ್ದ ಮಾತು

ಲುಬ್ನಾ ಅವರೆಕಾಳು ಹಿದುಕುತ್ತಿದ್ದಳು. ನೆನೆದು ಉಬ್ಬಿದ ಕಾಳನ್ನು ಎರಡು ಬೆರಳಿನ ನಡುವೆ ಹಿಡಿದು ಅಮುಕಿದರೆ ಸಾಕು, ಬೇಳೆ ಪುಸಕ್ಕನೆ ಬೋಗುಣಿಗೆ ಹಾರುವುದು, ಸಿಪ್ಪೆ ಕೈಯಲ್ಲಿ ಉಳಿಯುವುದು. ಹಿತ್ತಲ ಶೆಡ್ಡಿನಲ್ಲಿ ಅವಳ ಅಬ್ಬಾ ಉಸ್ಮಾನ್ ಸಾಬರ ರೇಷ್ಮೆ ನೂಲು ತೆಗೆಯುವ ಮಿಷನ್ನುಗಳು ಗುಂಯ್‌ಗುಡುತ್ತಿದ್ದವು. ಶಿಡ್ಲಘಟ್ಟದ ಎಷ್ಟೋ ಮನೆಗಳ ಹಾಗೆ ಆ ಮನೆಯಲ್ಲೂ ಬೇಯುವ ಗೂಡಿನ ವಾಸನೆಯೇ ಬೆಳಗಿನ ವಾಸನೆ.

ಎದುರಿಗೆ ಕೂತಿದ್ದ ತಮ್ಮ ವಾಸಿಫ್ ಒಂದು ಕಾಳು ಹಿದುಕಿದರೆ ಎರಡು ಸಲ ಫೋನು ನೋಡುತ್ತಿದ್ದ.

"ಆಪಾ, ಆ ಕಾಗದ ಕಳಿಸಿಬಿಟ್ಯಾ?"

"ಬರೆದಿದೀನಿ. ಕಳಿಸಿಲ್ಲ."

"ಹಂಗಿದ್ರೆ ಹರಿದಾಕು. ಪ್ರಿನ್ಸಿಪಾಲರೇ ತಮಗೇನೂ ಕೇಳಿಸ್ಲಿಲ್ಲ ಅಂತ ಬರಕೊಟ್ಟವ್ರೆ. ನಿನಗೊಬ್ಬಳಿಗೇ ಕಿವಿ ಅಷ್ಟು ಚುರುಕಾ?"

ಲುಬ್ನಾ ಇನ್ನೊಂದು ಕಾಳು ಅಮುಕಿದಳು. ಕಾಗದ ಅವಳ ಕೈಚೀಲ ಸೇರಿ ಒಂದು ತಿಂಗಳ ಮೇಲಾಗಿತ್ತು.

ಚಿಕ್ಕಬಳ್ಳಾಪುರದ ಒಂದು ಕಾಲೇಜಿನಲ್ಲಿ ಲುಬ್ನಾ ಇತಿಹಾಸದ ಅತಿಥಿ ಉಪನ್ಯಾಸಕಿ. ವಾಸಿಫ್ ಅಲ್ಲೇ ಎಂ.ಎ. ಕೊನೆಯ ವರ್ಷ. ಇಬ್ಬರಿಗೂ ಪಾಠ ಹೇಳಿದವರು ಮಿರಿಯಮ್ ಮಿಸ್. ಅವರು ಯೆಹೂದಿಗಳು. ಕೊಂಕಣದ ಕಡೆ ಎಷ್ಟೋ ತಲೆಮಾರಿನಿಂದ ನೆಲೆಸಿ, ಮನೆಯಲ್ಲಿ ಮರಾಠಿ ಆಡುವ ಯೆಹೂದಿಗಳು. ಗಂಡನಿಗೆ ಇಲ್ಲಿ ರೇಷ್ಮೆ ಇಲಾಖೆಯಲ್ಲಿ ಕೆಲಸವಾಯಿತೆಂದು ಬಂದವರು, ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದರು. ಮಾತು ಕೇಳಿದರೆ ಇಲ್ಲೇ ಹುಟ್ಟಿದವರು ಅನ್ನಬೇಕು.

ಆದರೆ ಅವರು ಯಾರೆಂಬುದು ಊರಿಗೆ ಗೊತ್ತೇ ಇರಲಿಲ್ಲ. ಶುಕ್ರವಾರ ಸಂಜೆ ದೀಪ ಹಚ್ಚುತ್ತಾರೆ, ಲಕ್ಷ್ಮಿಗೆ ಇರಬೇಕು ಅಂತ ಪಕ್ಕದ ಮನೆ ಗಂಗುಲಮ್ಮ ದೀಪಕ್ಕೆ ಇಡಲು ಅರಿಶಿನ ಕುಂಕುಮ ತಂದು ಕೊಡುತ್ತಿದ್ದಳು. ಹಂದಿ ಮುಟ್ಟುವುದಿಲ್ಲ, ಹೆಸರು ಮಿರಿಯಮ್ ಅಂದರೆ ಕುರಾನಿನ ಮರ್ಯಮ್ ಅಲ್ಲವೇ, ನಮ್ಮವಳೇ ಅಂತ ಉಸ್ಮಾನ್ ಸಾಬ್ ಬಕ್ರೀದಿಗೆ ಅವರ ಪಾಲು ತೆಗೆದಿಡುತ್ತಿದ್ದರು. ಬೈಬಲಿನ ಹೆಸರು ನೋಡಿ ಚರ್ಚಿನವರು ಕ್ರಿಸ್‌ಮಸ್ಸಿಗೆ ಕೇಕು ಕಳಿಸುತ್ತಿದ್ದರು. ಮಿಸ್ ಎಲ್ಲವನ್ನೂ ನಕ್ಕು ಇಸಿದುಕೊಳ್ಳುತ್ತಿದ್ದರು. ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಮೂರು ಕಡೆಯವರಿಗೂ ಅವರು ನಮ್ಮವರೇ.

ಲುಬ್ನಾ ಕಾಲೇಜಿನ ಮೆಟ್ಟಿಲು ಹತ್ತಿದ್ದು ಅವರಿಂದ. ಹುಡುಗಿ ಓದಿದ್ದು ಸಾಕು ಅಂತ ಅಬ್ಬಾ ಕೂತುಬಿಟ್ಟಾಗ ಮಿಸ್, ಅವಳು ಹಾಕಿದ್ದ ಅರ್ಜಿಯ ವಿಳಾಸ ಹಿಡಿದು, ಬಸ್ಸು ಹತ್ತಿ ಶಿಡ್ಲಘಟ್ಟಕ್ಕೆ ಬಂದು, ಗೂಡು ಬೇಯಿಸುವ ಹಬೆಯಲ್ಲೇ ಸ್ಟೂಲು ಹಾಕಿಕೊಂಡು ಕೂತು ವಾದ ಮಾಡಿದ್ದರು. ಅವರ ವಾದದ ರೀತಿಯೇ ಬೇರೆ. ಕಾಲೇಜಿನಲ್ಲಿ ವರ್ಷಕ್ಕೊಮ್ಮೆ ಅವರು ಚೀಟಿ ಚರ್ಚೆ ನಡೆಸುತ್ತಿದ್ದರು. ಸ್ಟೀಲ್ ಡಬ್ಬಿಗೆ ಕೈಹಾಕಿ ಚೀಟಿ ಎತ್ತಬೇಕು, ಬಂದ ಪಕ್ಷಕ್ಕೆ ಮಾತಾಡಬೇಕು, ಮನಸ್ಸಿಗೆ ಒಪ್ಪಲಿ ಬಿಡಲಿ. ಲುಬ್ನಾಗೆ ಮೊದಲ ವರ್ಷ ಬಂದದ್ದು "ಹೆಣ್ಣುಮಕ್ಕಳಿಗೆ ಹೆಚ್ಚು ಓದು ಬೇಡ" ಅನ್ನುವ ಪಕ್ಷ. ಅಬ್ಬಾ ಆಡಿದ ಮಾತುಗಳನ್ನೇ ನೆನೆದು ನೆನೆದು ಮಾತಾಡಿ ಗೆದ್ದಳು, ಗೆದ್ದು ಮೂಲೆಗೆ ಹೋಗಿ ಅತ್ತಳು.

"ಅಳ್ಬೇಡ ಕಣೇ," ಅಂದಿದ್ದರು ಮಿಸ್. "ನಿಮ್ಮಪ್ಪನಿಗಿರೋ ಭಯ ಏನು ಅಂತ ಇವತ್ತು ನಿನಗೆ ಗೊತ್ತಾಯ್ತಲ್ಲ. ಇನ್ನು ಅವರ ಜೊತೆ ಮಾತಾಡಕ್ಕೆ ಬರತ್ತೆ ನಿನಗೆ."

ಗಾಜಾದ ಯುದ್ಧ ಶುರುವಾದ ಮೇಲೆ ಒಂದಷ್ಟು ಹುಡುಗರು ಸೇರಿ ಕಾಲೇಜಿನಲ್ಲಿ ಒಂದು ದೊಡ್ಡ ಬಟ್ಟೆ ಕಟ್ಟಿ, ಅಲ್ಲಿ ಸತ್ತ ಮಕ್ಕಳ ಪರವಾಗಿ ನಾಲ್ಕು ಸಾಲು ಬರೆದು, ಎಲ್ಲ ಮೇಷ್ಟ್ರುಗಳೂ ಸಹಿ ಹಾಕಬೇಕು ಅಂದರು. ಮುಂದೆ ನಿಂತವನು ವಾಸಿಫ್. ಫೋನಿನಲ್ಲಿ ಬಂದ ಮಕ್ಕಳ ಹೆಣ ನೋಡಿ ಅವನು ಎರಡು ದಿನ ಊಟ ಬಿಟ್ಟಿದ್ದ. ಅದನ್ನು ಲುಬ್ನಾ ಕಣ್ಣಾರೆ ಕಂಡಿದ್ದಳು. ಕೆಲವರು ಓದಿ, ಕೆಲವರು ಓದದೆ, ಎಲ್ಲರೂ ಸಹಿ ಹಾಕಿದರು. ಲುಬ್ನಾಳೂ ಹಾಕಿದಳು.

ಆ ಹೊತ್ತಿಗೆ ಯಾರೋ ಮಿಸ್ ಯಾವ ಜನ ಅನ್ನುವುದನ್ನು ಹುಡುಕಿ ತೆಗೆದಿದ್ದರು. ಮಿಸ್ ಸರದಿ ಬಂದಾಗ, ನೀವು ಯೆಹೂದಿಗಳಂತೆ, ಸಹಿ ಹಾಕ್ತೀರಾ ಅಂತ ವಾಸಿಫ್ ಕೇಳಿದ.

"ಹಾಕ್ತೀನಪ್ಪ," ಅಂದರು ಮಿಸ್. "ಅಕ್ಟೋಬರಿನಲ್ಲಿ ಇಸ್ರೇಲಿನಲ್ಲಿ ಜನರನ್ನ ಕೊಂದ್ರಲ್ಲ, ಹಿಡಕೊಂಡು ಹೋದ್ರಲ್ಲ, ಆ ಜನಕ್ಕೂ ಒಂದು ಸಾಲು ಸೇರಿಸು. ಸತ್ತ ಮಕ್ಕಳಲ್ಲಿ ನಮ್ಮವರು ನಿಮ್ಮವರು ಅಂತ ಇಲ್ಲ."

"ಬೇರೆ ಯಾರೂ ಸಾಲು ಸೇರಿಸು ಅನ್ಲಿಲ್ಲ. ನೀವ್ಯಾಕೆ ಅಂತೀರಿ ಗೊತ್ತು ನಮಗೆ," ಅಂದ ವಾಸಿಫ್.

"ಬೇರೆ ಯಾರನ್ನೂ ನೀವು ಯಾವ ಜನ ಅಂತ ಕೇಳಿ ಸಹಿ ಹಾಕಿಸ್ಕೊಳ್ಲಿಲ್ಲ. ನನ್ನೊಬ್ಬಳನ್ನೇ ಕೇಳಿದ್ರಿ."

ಆಗ ವಾಸಿಫ್ ಅಂದ ಮಾತು ಲುಬ್ನಾಗೆ ಇವತ್ತಿಗೂ ಕಿವಿಯಲ್ಲಿ ಕಾದ ಎಣ್ಣೆ. "ಹಿಟ್ಲರ್ ಕೆಲಸ ಪೂರ್ತಿ ಮಾಡ್ದೆ ಹೋದ, ಅದಕ್ಕೇ ಇವೆಲ್ಲ."

ಹುಡುಗರು ನಕ್ಕರು. ಪ್ರಿನ್ಸಿಪಾಲ್ ನರಸಿಂಹಮೂರ್ತಿ ಕನ್ನಡಕ ಒರೆಸಿಕೊಂಡರು. ಲುಬ್ನಾ ಅಲ್ಲೇ, ಕೈಯಳತೆಯಲ್ಲಿ ನಿಂತಿದ್ದಳು.

ಮಾರನೇ ದಿನ ಇನ್ನೊಂದು ಗುಂಪು ಹಾರ ಹಿಡಿದುಕೊಂಡು ಬಂತು. ಮುಂದೆ ಮುರಳಿಮೋಹನ್. "ಮೇಡಂ, ನೀವು ನಮ್ಮೋರು. ಇವರಿಗೆಲ್ಲ ಸರಿಯಾಗಿ ಬುದ್ಧಿ ಕಲಿಸ್ತಾವ್ರೆ ನಿಮ್ಮೋರು!"

"ಮುರಳಿ, ಹೋದ ವಾರ ನನ್ನ ಕ್ಲಾಸಲ್ಲಿ ಗೊರಕೆ ಹೊಡೀತಿದ್ದೆ. ಇವತ್ತು ನಿಮ್ಮೋಳಾಗ್ಬಿಟ್ನಾ? ಸತ್ತ ಮಕ್ಕಳ ಮೇಲೆ ನಿಂತ್ಕೊಂಡು ನನಗೆ ಹಾರ ಹಾಕ್ಬೇಡಪ್ಪ. ತಗೊಂಡೋಗು."

ಹಾಗೆ ಅವರಿಗೆ ಆ ಕಡೆಯವರೂ ಇಲ್ಲ, ಈ ಕಡೆಯವರೂ ಇಲ್ಲವಾದರು. ಚೀಟಿ ಚರ್ಚೆ ಇಡೋಣ, ವಾಸಿಫನೂ ಎತ್ತಲಿ, ಮುರಳಿಯೂ ಎತ್ತಲಿ, ನಾನೂ ಎತ್ತುತ್ತೇನೆ ಅಂತ ಪ್ರಿನ್ಸಿಪಾಲರನ್ನು ಕೇಳಿದರು. "ಅಯ್ಯೋ ಮೇಡಂ, ಕಾಲ ಸರಿಯಿಲ್ಲ, ಸುಮ್ಮನಿರಿ," ಅಂದರು ನರಸಿಂಹಮೂರ್ತಿ. ಆ ವರ್ಷದ ಚರ್ಚೆಯನ್ನೇ ತೆಗೆದುಹಾಕಿದರು.

ಆಮೇಲೆ ಬಂತು ದೂರು. ಸತ್ತ ಮಕ್ಕಳಿಗೆ ಆಗಬೇಕಾದ್ದೇ ಆಯಿತು ಅಂತ ಮಿಸ್ ಅಂದರು ಎಂದು ವಾಸಿಫ್ ಬರೆದ, ಜೊತೆಯವರು ಸಹಿ ಹಾಕಿದರು. ಮಿಸ್ಸನ್ನು ರಜೆಯ ಮೇಲೆ ಕಳಿಸಿ, ವಿಚಾರಣೆಗೆ ಸಮಿತಿ ಹಾಕಿದರು. ಅಲ್ಲಿದ್ದ ಮೇಷ್ಟ್ರುಗಳೆಲ್ಲ ಕಂಡದ್ದನ್ನು ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳಿಸಬೇಕು ಅಂದಿತು ಸಮಿತಿ. ಲುಬ್ನಾ ನಿಜ ಬರೆದರೆ ತಮ್ಮನನ್ನು ಪರೀಕ್ಷೆಗೆ ಕೂರಿಸುವುದಿಲ್ಲ. ಬರೆಯದಿದ್ದರೆ ಜೀವಮಾನವೆಲ್ಲ ಪಾಠ ಹೇಳಿದ ಹೆಂಗಸು ಆಡದ ಮಾತಿನ ಹೊಲಸು ಹೊತ್ತುಕೊಂಡು ಹೋಗಬೇಕು. ಬರೆದಳು. ಕಳಿಸಲಾರದೆ ಹೋದಳು.

ಹಿದುಕಿದ ಬೇಳೆಯ ಸಾರು ಮಿಸ್ಸಿಗೆ ಇಷ್ಟ. ಆ ದಿನ ಡಬ್ಬಿ ಕಟ್ಟಿಕೊಂಡು ಲುಬ್ನಾ ಚಿಕ್ಕಬಳ್ಳಾಪುರದ ಬಸ್ಸು ಹತ್ತಿದಳು. ಮಿಸ್ ಒಂದು ಸಲ "ಬರೆಯೇ ಲುಬ್ನಾ" ಅಂದುಬಿಟ್ಟರೆ ಸಾಕು, ಕಳಿಸಿಬಿಡುತ್ತೇನೆ ಅಂತ ದಾರಿಯುದ್ದಕ್ಕೂ ಅಂದುಕೊಂಡಳು.

ಬಾಗಿಲಿಗೆ ಬೀಗ. ತೆಲುಗು ಬೆರೆತ ಮಾತಿನ ಗಂಗುಲಮ್ಮ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು.

"ಎಲ್ಲಿಗೆ ಬಂದೆ ತಲ್ಲೀ? ಹೊರಟೋದ್ರು. ಕೊಂಕಣದ ಕಡೆ ಠಾಣೆ ಅನ್ನೋ ಊರಾಗೆ ಅವರ ತಂಗಿ ಮನೆಗೆ. ಸಾಮಾನೆಲ್ಲ ಲಾರಿಗೆ ಹಾಕ್ಕೊಂಡು ಹೋದ್ರು. ಇನ್ನು ಬರಲ್ವಂತೆ."

"ನಿಮಗೇನಾದ್ರೂ ಹೇಳಿದ್ರಾ ಗಂಗುಲಮ್ಮ?"

"ಏಮಿ ಹೇಳ್ತಾರೆ? ಗೇಟಿಗೆ ಏನೇನೋ ಬರೆದೋಗಿದ್ರಲ್ಲ, ಆವತ್ತಿಂದ ಆ ಮನೆಗೆ ಹೋಗ್ಬೇಡ ಅಂತ ನನ್ನ ಮಗ ಕೂತ್ಕೊಂಡ. ನಾನೂ ಹೋಗ್ಲಿಲ್ಲ." ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ಹೊರಡೋವಾಗ ಕೇಳ್ದೆ, ಅಲ್ಲಮ್ಮ, ನಿಮ್ಮ ದೇವರೇ ಬೇರೆ ಅಂತ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ಅಂತ. ನೀವು ಕುಂಕುಮ ಕೊಡೋದು ನಿಲ್ಲಿಸ್ಬಿಟ್ರೆ ಅಂತ ಭಯ ಗಂಗುಲಮ್ಮ, ಅಂದ್ರು. ನಗಾಡ್ಕೊಂಡೇ ಅಂದ್ರು. ನಾನೂ ನಿಲ್ಲಿಸೇ ಬಿಟ್ಟಿದ್ನಲ್ಲ!"

ಲುಬ್ನಾ ಡಬ್ಬಿಯನ್ನು ಗಂಗುಲಮ್ಮನ ಕೈಗೇ ಕೊಟ್ಟು ವಾಪಸ್ಸು ಬಂದಳು. ಮಿಸ್ ಅವಳನ್ನು ಏನೂ ಕೇಳದೆ ಹೋಗಿದ್ದರು. ಕೇಳಿ ಇಲ್ಲ ಅನ್ನಿಸಿಕೊಳ್ಳುವುದು ಅವರಿಗೂ ಸಾಕಾಗಿತ್ತೇನೋ.

ಮನೆಗೆ ಬಂದವಳೇ ಅಬ್ಬಾನ ಮುಂದೆ, ವಾಸಿಫನ ಮುಂದೆ ಕಾಗದ ಬಿಚ್ಚಿ ಓದಿದಳು. ಮಿಸ್ ಆಡಿದ ಮಾತು, ಆಡದ ಮಾತು, ವಾಸಿಫ್ ಆಡಿದ ಮಾತು, ಎಲ್ಲ ಇತ್ತು. ಅವನು ಎರಡು ದಿನ ಊಟ ಬಿಟ್ಟದ್ದೂ ಇತ್ತು. ಇವಳು ಬಾಯಿ ಮುಚ್ಚಿಕೊಂಡು ನಿಂತದ್ದೂ ಇತ್ತು.

"ಅಲ್ಲಿ ದಿನಾ ಸಾಯ್ತಾವ್ರೆ," ವಾಸಿಫನ ದನಿ ಒಡೆಯಿತು. "ನೀನು ಒಬ್ಬ ಮುದುಕಿಗೆ ಅಳ್ತಾ ಕೂತಿದೀಯ."

"ಸತ್ತೋರಿಗೂ ಅತ್ತಿದೀನಿ. ಆ ಕೂಸುಗಳ ಹೆಸರಲ್ಲಿ ನೀನು ಸುಳ್ಳು ಬರೆದ್ಯಲ್ಲೋ, ಅವು ನಿನ್ನನ್ನ ಕೇಳಿದ್ವಾ?"

ಉಸ್ಮಾನ್ ಸಾಬ್ ಕಾಗದದ ಮೇಲೆ ಕೈಯಿಟ್ಟರು. "ಹುಡುಗನ ಬಾಳು ಬೇಟಿ," ಅಂದರು. "ಆಯಮ್ಮ ಹೆಂಗಿದ್ರೂ ಹೊರಟೋದ್ರು. ಈಗ ಕಳಿಸಿ ಏನು ಬಂತು?"

"ಅವರು ವಾಪಸ್ಸು ಬರಲ್ಲ ಅಬ್ಬಾ, ನನಗೂ ಗೊತ್ತು. ಆದ್ರೆ ಆ ಮಾತು ಅವರು ಆಡಿಲ್ಲ."

ಅಬ್ಬಾ ಎದ್ದು ಶೆಡ್ಡಿನ ಕಡೆ ಹೋದರು. ವಾಸಿಫ್ ಗೋಡೆಯ ಕಡೆ ತಿರುಗಿದ. "ಕಳಿಸ್ಕೋ ಹೋಗು. ಆಮೇಲೆ ನನ್ನ ಆಪಾ ಅಂತ ಹೇಳ್ಕೋಬೇಡ."

ಬೆಳಿಗ್ಗೆ ಪೋಸ್ಟಾಫೀಸಿನ ಕಿಟಕಿಯಲ್ಲಿ ಬಯ್ಯಪ್ಪ ಕವರನ್ನು ತಿರುವಿ ಮುರುವಿ ನೋಡಿದ. "ಏನಮ್ಮ ಇದು, ಚೀಲದಾಗೇ ಸವೆದೋಗಿದೆ. ದಾರೀಲಿ ಹರಿದೋಗ್ತದೆ. ಬೇರೆ ಕವರ್‌ಗೆ ಹಾಕ್ಕೊಡ್ಲಾ?"

"ಹಾಕಿ ಸಾರ್."

ಹೊಸ ಕವರಿನ ಮೇಲೆ ಸಮಿತಿಯ ವಿಳಾಸವನ್ನು ಅವಳೇ ಬರೆದಳು. ಕೆಳಗೆ ಕಳಿಸುವವರ ಹೆಸರು ಕೇಳುವ ಕಡೆ ಲುಬ್ನಾ, ಉಸ್ಮಾನ್ ಸಾಬರ ಮಗಳು, ಶಿಡ್ಲಘಟ್ಟ ಅಂತ ತುಂಬಿಸಿದಳು. ಬಯ್ಯಪ್ಪ ತೂಕಕ್ಕೆ ಇಟ್ಟ, ಚೀಟಿ ಅಂಟಿಸಿದ, ಮುದ್ರೆ ಒತ್ತಿ ಹಿಂದಿನ ಚೀಲಕ್ಕೆ ಎಸೆದ.