ಕೂತು ತಿನ್ನುವ ಕಣಗಳು

ನನ್ನ ಮಗಳು ಬಸ್ಸಿನ ಸ್ಟೀರಿಂಗ್ ಮೇಲೆ ಮುದುಡಿ ಬಿದ್ದ ದಿನ, ಪ್ರಯಾಣಿಕರಲ್ಲಿ ಯಾರೋ "ಕುಡಿದಿದಾಳೆ" ಅಂದರಂತೆ. ಅವಳು ಕುಡಿಯುವವಳಲ್ಲ. ಹೊಟ್ಟೆಯ ಮೇಲ್ಭಾಗದಲ್ಲಿ ಹುಟ್ಟಿ ಬೆನ್ನಿಗೆ ಹಾಯುವ ಆ ನೋವು ಅವಳಿಗೆ ಹದಿಹರೆಯದಿಂದಲೂ ಇತ್ತು. ಅವತ್ತೂ ಬಸ್ಸನ್ನು ರಸ್ತೆ ಬದಿಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಆಮೇಲೆ ಬಿದ್ದಿದ್ದಳು. ಡಿಪೋದವರು ಅದನ್ನು ಮೆಚ್ಚಿಕೊಂಡರು. ಮೆಚ್ಚಿಕೊಂಡೇ ಕೆಲಸದಿಂದ ಇಳಿಸಿ ಮನೆಗೆ ಕಳಿಸಿದರು.

ಚಿಕ್ಕವಳಿದ್ದಾಗ ಊಟದ ತಟ್ಟೆಯನ್ನೇ ಸ್ಟೀರಿಂಗ್ ಮಾಡಿಕೊಂಡು ಓಡಾಡುತ್ತಿದ್ದಳೆಂದು ಅವಳಪ್ಪ ಇಟ್ಟ ಹೆಸರು ಪೋಂಪೋಂ. ಅವರು ತೀರಿಕೊಂಡರು, ಹೆಸರು ಉಳಿಯಿತು. ಮನೆಯಲ್ಲಿ ನಾವಿಬ್ಬರೇ.

ಮೇದೋಜೀರಕ ಗ್ರಂಥಿ ಬಹಳ ಕೆಟ್ಟಿದೆ, ಪೂರ್ತಿ ತೆಗೆದುಬಿಡೋಣ ಅಂದರು ಡಾಕ್ಟರಮ್ಮ. ತೆಗೆದರೆ ನೋವು ಹೋಗುತ್ತದೆ. ಆದರೆ ಮೈಗೆ ಬೇಕಾದ ಇನ್ಸುಲಿನ್ ತಯಾರಾಗುವುದೂ ಅಲ್ಲೇ, ಹಾಗಾಗಿ ಅವತ್ತಿನಿಂದಲೇ ಸಕ್ಕರೆ ಕಾಯಿಲೆ. ಅದಕ್ಕೆ ಒಂದು ದಾರಿ ಇತ್ತು. ತೆಗೆದ ಗ್ರಂಥಿಯಲ್ಲಿ ಇನ್ನೂ ಚೆನ್ನಾಗಿರುವ, ಇನ್ಸುಲಿನ್ ಮಾಡುವ ಕಣಗಳನ್ನಷ್ಟೇ ಬಿಡಿಸಿ ಅವಳದೇ ಲಿವರ್‌ಗೆ ಸೇರಿಸುವುದು. ಅಲ್ಲಿ ಬೇರು ಬಿಟ್ಟರೆ ಅವು ತಮ್ಮ ಕೆಲಸ ಮುಂದುವರಿಸುತ್ತವೆ.

"ಬೇರು ಬಿಟ್ಟರೆ ಮತ್ತೆ ಬಸ್ ಓಡಿಸಬಹುದಾ?" ಪೋಂಪೋಂ ಕೇಳಿದ್ದು ಅದೊಂದನ್ನೇ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಅವರ ಡಿಪೋದಲ್ಲಿ ಬಸ್ ಕೊಡುವುದಿಲ್ಲ.

"ಇನ್ಸುಲಿನ್ ಬೇಡವಾದರೆ ಓಡಿಸಬಹುದು. ಖಾತ್ರಿ ಕೊಡೋಕಾಗಲ್ಲ. ಮೊದಲ ಕೆಲವು ತಿಂಗಳಂತೂ ಸಕ್ಕರೆ ಎಷ್ಟೇ ಚೆನ್ನಾಗಿರಲಿ, ಚುಚ್ಚಿಕೊಳ್ಳಲೇಬೇಕು. ಆ ಕಣಗಳಿಗೆ ಆಗ ವಿಶ್ರಾಂತಿ ಬೇಕು."

ಆಪರೇಷನ್ ಆಯಿತು. ಮನೆಗೆ ಬಂದ ಮೇಲೆ ನನಗೆ ತಿಳಿದ ಹಾಗೆ ನಾನೂ ಹೇಳಿದೆ.

"ಹೊಸದಾಗಿ ಬಂದ ಸೊಸೆ ಇದ್ದ ಹಾಗೆ ಕಣೇ. ಮನೆ ಒಗ್ಗೋವರೆಗೂ ಕೆಲಸ ಹಚ್ಚಬಾರದು."

"ಅಜ್ಜಿ ನಿನ್ನನ್ನ ಹಾಗೆ ಕೂರಿಸಿದ್ರಾ?"

"ಬಂದ ಮಾರನೇ ದಿನವೇ ಹಂಡೆ ತಿಕ್ಕಿಸಿದರು."

"ನೋಡು, ಆದರೂ ಗುಂಡುಕಲ್ಲಿನ ಹಾಗಿದೀಯ!"

ಇಬ್ಬರೂ ನಕ್ಕೆವು. ಅವಳು ಹೊಲಿಗೆ ಎಳೆದು ಹೊಟ್ಟೆ ಹಿಡಿದುಕೊಂಡಳು.

ಆ ಹಳೇ ನೋವು ನಿಜಕ್ಕೂ ಹೋಗಿತ್ತು. ಬೆಳಿಗ್ಗೆ ಬೆರಳು ಚುಚ್ಚಿ ಸಕ್ಕರೆಯ ಅಂಕಿ ಕೂಗಿ ಹೇಳುವಳು, ನಾನು ಒಲೆಯ ಮುಂದಿನಿಂದಲೇ "ಭೇಷ್" ಅನ್ನುವೆ. ಡಿಪೋದ ಲಾಕರಿನಲ್ಲಿ ಬಿಟ್ಟು ಬಂದ ದಿಂಬಿನ ನೆನಪು ಅವಳಿಗೆ ಪದೇ ಪದೇ ಬರುತ್ತಿತ್ತು. ಬಸ್ಸಿನ ಸೀಟಿಗೆಂದು ನಾನು ಹೊಲಿದುಕೊಟ್ಟ ದಿಂಬು. "ಇರಲಿ, ಹೇಗೂ ವಾಪಸ್ ಹೋಗ್ತೀನಲ್ಲ," ಅನ್ನುವಳು.

ಆಮೇಲಾಮೇಲೆ ಅಂಕಿ ಕೂಗುವುದು ನಿಂತಿತು. ಕೇಳಿದರೆ "ಚೆನ್ನಾಗಿದೆಯಮ್ಮ" ಅಷ್ಟೇ. ನೀರಿನ ಹೂಜಿ ಬೇಗ ಬೇಗ ಖಾಲಿಯಾಗತೊಡಗಿತು. ಸೆಖೆ ಅಂದುಕೊಂಡೆ.

ಬಚ್ಚಲಿನ ಶೆಲ್ಫ್ ಒರೆಸುವಾಗ ಗೊತ್ತಾಯಿತು. ಬಳಸಿದ ಸೂಜಿಗಳನ್ನು ಹಾಕಲು ಅಲ್ಲೊಂದು ದಪ್ಪ ಪ್ಲಾಸ್ಟಿಕ್ ಬಾಟಲಿ ಇಟ್ಟಿದ್ದೆವು, ತುಂಬಿದಾಗ ಆಸ್ಪತ್ರೆಗೆ ಕೊಡಲು. ಹಿಂದಿನ ಸಲ ಒರೆಸುವಾಗ ಸೂಜಿಗಳು ಎಲ್ಲಿಯವರೆಗೆ ಇದ್ದವೋ ಅಲ್ಲಿಯೇ ಇದ್ದವು.

ಅವಳು ಹೊಸ್ತಿಲಲ್ಲಿ ಕೂತು ಡ್ಯೂಟಿ ಬೂಟಿಗೆ ಪಾಲಿಶ್ ಹಚ್ಚುತ್ತಿದ್ದಳು.

"ಪೋಂಪೋಂ, ಸೂಜಿ ಬಾಟಲಿ ಯಾಕೆ ತುಂಬಿಲ್ಲ?"

"ಕಸದ ಬುಟ್ಟಿಗೆ ಹಾಕ್ತಿದೀನಿ."

"ಕಸದ ಬುಟ್ಟಿ ಚೆಲ್ಲೋಳು ನಾನು."

ಬ್ರಷ್ ನಿಂತಿತು.

"ಸಕ್ಕರೆ ಚೆನ್ನಾಗಿತ್ತಮ್ಮ, ನಿನ್ನಾಣೆ. ಸ್ವಲ್ಪ ಕಮ್ಮಿ ಮಾಡಿ ನೋಡಿದೆ, ಆಗಲೂ ಚೆನ್ನಾಗಿತ್ತು. ಪೂರ್ತಿ ಬಿಟ್ಟು ನೋಡಿದೆ, ಆಗಲೂ..."

"ಈಗ?"

ಅವಳು ಬೂಟನ್ನೇ ನೋಡಿದಳು. "ನೀನೇ ಹೇಳ್ತಿದ್ದೆಯಲ್ಲ, ಕೂತು ತಿನ್ನೋರಿಗೆ ಕುಡಿಕೆ ಹೊನ್ನೂ ಸಾಲದು ಅಂತ. ಈ ಕಣಗಳೂ ಕೂತು ತಿಂದು ಸೋಮಾರಿ ಆಗ್ಬಿಟ್ರೆ ಅನ್ನಿಸ್ತು. ಕೆಲಸ ಹಚ್ಚಿದರೆ ಗಟ್ಟಿ ಆಗ್ತವೆ ಅಂತ..."

ಅವಳ ಬೆರಳನ್ನು ನಾನೇ ಹಿಡಿದು ಚುಚ್ಚಿದೆ. ಯಂತ್ರದ ಮೇಲೆ ಬಂದ ಅಂಕಿ ಅವಳು ಮೊದಲು ಕೂಗಿ ಹೇಳುತ್ತಿದ್ದುದರ ಮೂರರಷ್ಟಿತ್ತು. ಸೆರಗಿಗೆ ಕೈ ಒರೆಸಿಕೊಂಡು, ಉಟ್ಟ ಬಟ್ಟೆಯಲ್ಲೇ ಅವಳನ್ನು ಆಸ್ಪತ್ರೆಗೆ ಹೊರಡಿಸಿದೆ.

ಸಕ್ಕರೆ ಇಳಿಸಿದ ಮೇಲೆ, ಕಣಗಳು ಇನ್ನೂ ಎಷ್ಟು ಇನ್ಸುಲಿನ್ ಮಾಡುತ್ತಿವೆ ಎಂದು ರಕ್ತ ಪರೀಕ್ಷೆ ಮಾಡಿದರು. ಡಾಕ್ಟರಮ್ಮ ಕುರ್ಚಿಯನ್ನು ನಮ್ಮ ಹತ್ತಿರಕ್ಕೆ ಎಳೆದುಕೊಂಡರು. ಆಗಲೇ ನನಗೆ ತಿಳಿಯಿತು.

"ಸ್ವಲ್ಪ ಉಳಿದಿವೆ. ಬಹಳ ಸ್ವಲ್ಪ. ಇನ್ಸುಲಿನ್ ಇನ್ನು ಯಾವತ್ತೂ ಬಿಡೋ ಹಾಗಿಲ್ಲ."

"ನಾನು ಬಿಟ್ಟಿದ್ದಕ್ಕೇ ಹೀಗಾಯ್ತಾ?" ಪೋಂಪೋಂ ಕೇಳಿದಳು.

"ಹೇಳೋದು ಕಷ್ಟ. ಎಲ್ಲ ಸರಿಯಾಗಿ ಮಾಡಿದವರಲ್ಲೂ ಕೆಲವರಿಗೆ ಉಳಿಯೋದಿಲ್ಲ. ಆದರೆ ಸಕ್ಕರೆ ಏರಿದಾಗ ಅವು ದುಡಿದು ದುಡಿದು ಸಾಯ್ತವೆ. ಅದಕ್ಕೇ ಹೇಳಿದ್ದೆ."

"ಇನ್ನೊಂದು ಸಲ ಹಾಕಿಬಿಡಿ ತಾಯಿ," ಅಂದೆ ನಾನು.

"ಎಲ್ಲಿಂದ ತರೋದಮ್ಮ? ಅವಳ ಗ್ರಂಥಿಯೇ ಇಲ್ವಲ್ಲ."

ಮನೆಗೆ ಬಂದು ಪೋಂಪೋಂ ಬೂಟುಗಳನ್ನು ಕಾಗದದಲ್ಲಿ ಸುತ್ತಿ ಮಂಚದ ಕೆಳಗೆ ತಳ್ಳಿದಳು. ಒಂದಕ್ಕೆ ಮಾತ್ರ ಪಾಲಿಶ್ ಆಗಿತ್ತು.

ಡಿಪೋದ ಮೇಲ್ವಿಚಾರಕರು ಒಳ್ಳೆಯವರು, ವಿಚಾರಣೆ ಕೌಂಟರಿನಲ್ಲಿ ಕೆಲಸ ಕೊಟ್ಟರು. ಯಾವ ಬಸ್ಸು ಎಷ್ಟು ಹೊತ್ತಿಗೆ ಎಂದು ಗಾಜಿನ ಹಿಂದೆ ಕೂತು ಹೇಳುವುದು. ಮೊದಲ ದಿನ ಸಂಜೆ ದಿಂಬನ್ನು ಕಂಕುಳಲ್ಲಿ ಇರುಕಿಕೊಂಡು ಮನೆಗೆ ಬಂದಳು.

"ಕೌಂಟರಲ್ಲಿ ಹಾಕ್ಕೊಳ್ಳೋದಲ್ವೇನೇ?"

"ಅಲ್ಲಿ ಮೆತ್ತನೆ ಕುರ್ಚಿ ಇದೆ."

ದಿಂಬನ್ನು ಅಡುಗೆಮನೆಯ ಸ್ಟೂಲಿನ ಮೇಲೆ ಹಾಕಿದಳು. ಈಗ ಊಟಕ್ಕೆ ಮೊದಲು ನನ್ನೆದುರಿಗೇ ಚುಚ್ಚಿಕೊಳ್ಳುತ್ತಾಳೆ. ನಾನು ಕೇಳಿದ್ದಲ್ಲ, ಅವಳೇ ಮಾಡಿಕೊಂಡ ಕಟ್ಟಳೆ. ಇವತ್ತು ಬೆಳಿಗ್ಗೆ ಸೂಜಿ ಹಿಡಿದಿದ್ದಾಗ ಅವಳ ಹಳೇ ಬಸ್ಸು ನಮ್ಮ ರಸ್ತೆಯ ಏರು ಹತ್ತಿತು. ಕೈ ಅಲ್ಲೇ ನಿಂತಿತು. ಗೇರು ಗರಗರ ಅಂದಿತು.

"ಕ್ಲಚ್ಚನ್ನ ಸುಟ್ಟುಹಾಕ್ತಾನೆ, ಕತ್ತೆ," ಅಂದಳು.

ಸದ್ದು ತಿರುವಿನಲ್ಲಿ ಅಡಗುವ ತನಕ ಕಾದು, ಆಮೇಲೆ ಚುಚ್ಚಿಕೊಂಡಳು. ನಾನು ಬಾಟಲಿಯನ್ನು ಹತ್ತಿರ ಹಿಡಿದೆ. ಸೂಜಿ ಒಳಗೆ ಬಿತ್ತು.

"ನೀನೂ ಕೂತ್ಕೋಮ್ಮ ಒಂದು ಗಳಿಗೆ," ಎಂದು ಸ್ಟೂಲನ್ನು ಕಾಲಿನಿಂದ ನನ್ನ ಕಡೆ ತಳ್ಳಿದಳು.

ಒಲೆಯ ಮೇಲೆ ಹಾಲಿತ್ತು. ಆದರೂ ಕೂತೆ.