ಖಾಲಿ ಮಣಿಗಳು

ಮರೆವಿನ ರೋಗದ ಪ್ರೋಟೀನನ್ನು ಸಣ್ಣ ಮಣಿಗಳಿಗೆ ಅಂಟಿಸಿ, ಮಿದುಳಿನ ರಸದಲ್ಲಿ ಅದ್ದಿ, ಅದರ ಕೈಹಿಡಿದು ಬಂದ ಹೊಸ ಸಂಗಾತಿ ಪ್ರೋಟೀನನ್ನು ಮಾಸ್ ಸ್ಪೆಕ್ಟ್ರೋಮೀಟರ್ ಯಂತ್ರದಲ್ಲಿ ತೂಗಿ ಗುರುತಿಸಿದವಳು ಅವಳು. ಅವಳಿಗೊಂದು ಮಾತೂ ಹೇಳದೆ ಅದನ್ನು ತನ್ನೊಬ್ಬನ ಹೆಸರಿನಲ್ಲಿ ಪ್ರಕಟಿಸಿದವನು ಅವಳ ಮಾರ್ಗದರ್ಶಕ. ಕದಿಯುವ ಅವಸರದಲ್ಲಿ ಅವನು ಒಂದನ್ನು ಮರೆತಿದ್ದ: ಏನೂ ಅಂಟಿಸದ ಖಾಲಿ ಮಣಿಗಳನ್ನೂ ಹಾಗೆಯೇ ಪರೀಕ್ಷಿಸಬೇಕಿತ್ತು. ಆಮೇಲೆ ಅವಳು ಪರೀಕ್ಷಿಸಿದಳು. ಸಂಗಾತಿ ಖಾಲಿ ಮಣಿಗಳಿಗೂ ಅಷ್ಟೇ ಪ್ರೀತಿಯಿಂದ ಅಂಟಿಕೊಂಡಿತ್ತು. ಅದು ಹಿಡಿದದ್ದು ಮಣಿಯನ್ನು, ರೋಗದ ಪ್ರೋಟೀನನ್ನಲ್ಲ; ಶೋಧವೇ ಪೊಳ್ಳು. ಅವಳು ಆ ಪರೀಕ್ಷೆಯ ನಕ್ಷೆಯನ್ನು ಎತ್ತಿಟ್ಟುಕೊಂಡು ಕಾದಳು.

ಸಮ್ಮೇಳನದಲ್ಲಿ ಅವನಿಗೆ ಬಿದ್ದ ಚಪ್ಪಾಳೆ ನಿಲ್ಲುವ ಮೊದಲೇ ಅವಳು ಎದ್ದು ನಿಂತಳು.

"ಸರ್, ಖಾಲಿ ಮಣಿ ಹಾಕಿ ನೋಡಿದ್ರಾ?"

"ಅದೆಲ್ಲ... ನೋಡಿರ್ತೀವಮ್ಮ."

"ನಾನು ನೋಡ್ದೆ ಸರ್. ಅದಕ್ಕೂ ಅಂಟುತ್ತೆ." ಅವಳು ಯಂತ್ರದ ನಕ್ಷೆಯನ್ನು ಎತ್ತಿ ಹಿಡಿದಳು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಹೊರಬಾಗಿಲಲ್ಲಿ ಅವನು ಅಡ್ಡಗಟ್ಟಿದ. "ನಿನ್ನ ಶೋಧಕ್ಕೆ ನೀನೇ ಕಲ್ಲು ಹಾಕ್ಕೊಂಡ್ಯಲ್ಲಾ!"

"ನಂದೆಲ್ಲಿ ಬಂತು ಸರ್? ಹೆಸರು ನಿಮ್ಮದಿದೆಯಲ್ಲ," ಎಂದಳು ಅವಳು, ಬಹುಕಾಲದ ನಂತರ ಹೊಟ್ಟೆ ತಣ್ಣಗಾಗಿ. "ನೀವೇ ಇಟ್ಕೊಳ್ಳಿ."