ಗಂಟೆಯವನ ಮುಷ್ಟಿ

ಬೆರಳುಗಳು ಬಿಡಲಿಲ್ಲ. ಚೆನ್ಸಾ ಆಲಿವ್ ಎಣ್ಣೆಯ ಬಟ್ಟಲನ್ನು ದೀಪದ ಮೇಲೆ ಹಿಡಿದು ಬೆಚ್ಚಗೆ ಮಾಡಿ, ಗಂಡನ ಬಲಗೈಯ ಗೆಣ್ಣುಗಳಿಗೆ ಸವರಿದಳು, ತಿಕ್ಕಿದಳು, ಕಿರುಬೆರಳಿನಿಂದ ಶುರುಮಾಡಿ ಒಂದೊಂದನ್ನೇ ಎಬ್ಬಿಸಲು ನೋಡಿದಳು. ಮುಷ್ಟಿ ಮಾತ್ರ ಜಪ್ಪಯ್ಯ ಅಂದರೂ ಬಿಚ್ಚಲಿಲ್ಲ. ಜಪಮಾಲೆ ಅವಳ ಮಡಿಲಲ್ಲೇ ಉಳಿಯಿತು.

"ಬಿಡಮ್ಮ, ಮುರಿದೇ ಹೋಗುತ್ತೆ," ಎಂದಳು ಮಗಳು ಜುದಿತ್ತಾ.

"ಮುರೀಲಿ. ಬರಿಗೈಲಿ ಕಳಿಸಲ್ಲ ನಾನು."

ಮಂಚದ ಕಾಲ ಬಳಿ ಕೂತಿದ್ದ ಪಾವ್ಲಾ ಮೂಗು ಒರೆಸಿಕೊಂಡಳು. ಅವಳು ಸತ್ತವನ ಅಕ್ಕ. ಅಳುವುದನ್ನೂ ಆಡಿಕೊಳ್ಳುವುದನ್ನೂ ಒಂದೇ ಉಸಿರಲ್ಲಿ ಮಾಡಬಲ್ಲವಳು. "ಹುಟ್ಟಿದಾಗಲೂ ಹೀಗೇ ಮುಷ್ಟಿ ಬಿಗಿಹಿಡಿದಿದ್ದ ಕಣೆ. ಇವನು ಯಾರ ಮಾತೂ ಕೇಳೋ ಪೈಕಿ ಅಲ್ಲ ಅಂತ ಸೂಲಗಿತ್ತಿ ಅವತ್ತೇ ಹೇಳಿದ್ಲು. ಸೂಲಗಿತ್ತಿಗೆ ಒಂದು ಗಳಿಗೇಲಿ ಗೊತ್ತಾಗಿದ್ದು ನಿಮ್ಮ ಪಾದ್ರಿಗೆ ಇಪ್ಪತ್ತಾರು ವರ್ಷ ಆದ್ರೂ ಗೊತ್ತಾಗಲಿಲ್ಲ."

ಗಂಟೆಯ ವಿಸ್ತಿನ್ ಸತ್ತದ್ದು ನಸುಕಿನಲ್ಲಿ. ಮಾಲ್ಟಾದ ಜುಲೈ ಸೆಕೆಗೆ ಹೆಣ ಸಂಜೆ ದಾಟುವಂತಿಲ್ಲ. ಬೀದಿಬಾಗಿಲಿನ ಒಂದು ರೆಕ್ಕೆ ಮುಚ್ಚಿ, ಚಿಲಕಕ್ಕೆ ಕಪ್ಪು ಪಟ್ಟಿ ಕಟ್ಟಿದ್ದಾಗಿತ್ತು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಬೇರೆ ಯಾರ ಮನೆಯಾಗಿದ್ದರೂ ಇಷ್ಟು ಹೊತ್ತಿಗೆ ನೆರೆಯವರ ಸಾರಿನ ಪಾತ್ರೆಗಳು ಜಗಲಿಯ ತುಂಬ ಕೂತಿರುತ್ತಿದ್ದವು. ಈ ಜಗಲಿಯ ಮೇಲೆ ಒಂದು ಲೋಟವೂ ಇರಲಿಲ್ಲ. ಎದುರು ಮನೆಯವರು ಕಿಟಕಿ ಮುಚ್ಚಿಕೊಂಡು ಸಂದಿಯಿಂದ ನೋಡುತ್ತಿದ್ದರು. ಇಗರ್ಜಿಯ ಗೋಪುರ ಬಾಯಿ ಹೊಲಿದುಕೊಂಡು ನಿಂತಿತ್ತು. ಊರಲ್ಲಿ ಗಂಡಸು ಸತ್ತರೆ ಮೂರು ಹೊಡೆತ, ನಡುವೆ ಒಂದೊಂದು ಉಸಿರಿನಷ್ಟು ಬಿಡುವು. ಹೆಂಗಸಿಗೆ ಎರಡು. ಇಪ್ಪತ್ತಾರು ವರ್ಷ ಊರಿನ ಎಲ್ಲರಿಗೂ ಆ ಲೆಕ್ಕ ತಪ್ಪದೆ ಹೊಡೆದವನಿಗೆ ಇವತ್ತು ಹೊಡೆಯುವವರಿಲ್ಲ.

ಹತ್ತರ ಸುಮಾರಿಗೆ ಗುಂಡಿ ತೋಡುವ ಸ್ಪಿರು ಬಂದ. ಟೋಪಿ ತೆಗೆದು, ಜೇಬಿನಿಂದ ಗಂಟುಗಂಟಿನ ಹುರಿ ಎಳೆದು, ಹೆಣದ ಉದ್ದ ಅಗಲ ಅಳೆದುಕೊಂಡ. ಆಮೇಲೆ ಹೊಸಲಿನಲ್ಲಿ ಕಾಲು ಬದಲಿಸುತ್ತ ನಿಂತ.

"ಚೆನ್ಸಕ್ಕಾ, ಯಾವ ಕಡೆ ಅಂತ ಹೇಳಿಬಿಡಿ. ಒಳಗಡೆ ಆದ್ರೆ ನಿಮ್ಮ ಮಾವನ ಗೋರಿ ಕಲ್ಲು ಎತ್ತಿದ್ರೆ ಆಯ್ತು. ತಿಪ್ಪೆ ಆದ್ರೆ ಎಲ್ಲಾ ಬಂಡೆ. ಈಗಲೇ ಹಾರೆ ಹಾಕಿದ್ರೆ ನಾಲ್ಕಕ್ಕೆ ಮುಗಿದೀತು."

ತಿಪ್ಪೆ ಎಂದರೆ ಸ್ಮಶಾನದ ಗೋಡೆಯ ಆಚೆಗಿನ ನೆಲ. ಮಂತ್ರಿಸಿದ ನೀರು ಬೀಳದ ಜಾಗ. ದೀಕ್ಷಾಸ್ನಾನವಿಲ್ಲದೆ ಸತ್ತ ಕೂಸುಗಳು, ನೇಣು ಹಾಕಿಕೊಂಡವರು, ಮೂರು ವರ್ಷದಿಂದೀಚೆಗೆ ಬಿಷಪ್ಪರು ಬಹಿಷ್ಕಾರ ಹಾಕಿದ ಕೂಲಿಕಾರರ ಪಕ್ಷದವರು.

"ಒಳಗೆ," ಎಂದಳು ಚೆನ್ಸಾ. "ಆ ಗೋರೀಲಿ ಇನ್ನೆರಡು ಜಾಗ ಇದೆ. ಒಂದು ಅವರದು, ಒಂದು ನಂದು. ಪಾದ್ರಿಗಳು ಬರ್ತಾರೆ. ಇವಳು ಹೇಳ್ತಾಳೆ."

ಇವಳು ಎಂದರೆ ಜುದಿತ್ತಾ. ಪ್ರಾಣ ಹೋಗುವಾಗ ಕೋಣೆಯಲ್ಲಿದ್ದವಳು ಅವಳೊಬ್ಬಳೇ. ಕೊನೆಗಳಿಗೆಯಲ್ಲಿ ಪಶ್ಚಾತ್ತಾಪದ ಒಂದೇ ಒಂದು ಗುರುತು ಕಂಡರೂ ಇಗರ್ಜಿ ಒಳಗೆ ಸೇರಿಸಿಕೊಳ್ಳುತ್ತದೆ ಎಂಬುದು ಕಾನೂನು. ಶಿಲುಬೆಯ ಗುರುತು ಹಾಕಲು ಕೈ ಹಣೆಗೆ ಹೋಗಿದ್ದರೂ ಸಾಕು. ಅದನ್ನು ಕಂಡೆ ಎನ್ನುವ ಒಂದು ಬಾಯಿ ಬೇಕು. ಬೆಳಗಿನಿಂದ ತಾಯಿ ಮಗಳ ಬಾಯನ್ನೇ ನೋಡುತ್ತಿದ್ದಳು. ಜುದಿತ್ತಾಳಿಗೆ ಉಗುಳು ನುಂಗಲೂ ಹೆದರಿಕೆಯಾಗುತ್ತಿತ್ತು.

*

ವಿಸ್ತಿನ್ ಪಕ್ಷದವನಲ್ಲ. ಅವನಿಗೆ ಓದಲು ಬರುತ್ತಿರಲಿಲ್ಲ. ಹಾಗಾಗಿ ಪಕ್ಷದ ಪತ್ರಿಕೆ ಓದುವುದು ಮಹಾಪಾಪ ಎಂದು ಬಿಷಪ್ಪರ ಪತ್ರ ಬಂದಾಗ ಅವನಿಗೆ ಯಾವ ತೊಂದರೆಯೂ ಆಗಲಿಲ್ಲ. ಪಾಪನಿವೇದನೆಯ ಗೂಡಿನಲ್ಲಿ ಪಾದ್ರಿ ದುನ್ ಅಲ್ವಿಜ್, "ಮನೆಗೆ ಯಾವ ಪೇಪರ್ ತರಿಸ್ತೀಯ?" ಎಂದು ಕೇಳಿದರೆ, "ಮೀನು ಸುತ್ತಿಕೊಟ್ಟ ಪೇಪರ್, ಫಾದರ್," ಎನ್ನುತ್ತಿದ್ದ.

ಆಮೇಲೆ ಅಪ್ಪಣೆ ಬಂತು. ಚೌಕದಲ್ಲಿ ಪಕ್ಷದ ಸಭೆ ಶುರುವಾದ ಕೂಡಲೇ ನಾಲ್ಕೂ ಗಂಟೆ ಹೊಡೆಯಬೇಕು, ಸಭೆ ಮುಗಿಯುವ ತನಕ ನಿಲ್ಲಿಸಬಾರದು. ವಿಸ್ತಿನ್ ಹೊಡೆದ. ಎರಡು ತಾಸು ನಲವತ್ತು ನಿಮಿಷ. ಕೆಳಗೆ ವೇದಿಕೆಯ ಮೇಲೆ ಬಾಯಿ ಆಡಿಸುತ್ತಿದ್ದವನು ಹಡಗುಕಟ್ಟೆಯ ಜಮ್ರಿ, ಅವನ ಇಸ್ಪೀಟಿನ ಜೊತೆಗಾರ. ಅಂಗೈ ಸುಲಿದುಕೊಂಡು ಮನೆಗೆ ಬಂದ ವಿಸ್ತಿನ್, "ಜಮ್ರಿ ಬಾಯಿ ಮುಚ್ಚಿಸೋಕೆ ಅವನ ಹೆಂಡ್ತೀ ಕೈಲೇ ಆಗಿರಲಿಲ್ಲ, ನನ್ನ ಕೈಲಾಯ್ತು," ಎಂದು ನಕ್ಕಿದ್ದ. ಆ ನಗುವಿಗಾಗಿ ಆಮೇಲೆ ಅವನು ತನ್ನನ್ನು ತಾನು ಕ್ಷಮಿಸಿಕೊಳ್ಳಲಿಲ್ಲ.

ಆರು ತಿಂಗಳಿಗೆ ಜಮ್ರಿ ಎದೆರೋಗದಿಂದ ಸತ್ತ. ತಿಪ್ಪೆಗೆ ಹಾಕಿದರು. ವಿಸ್ತಿನ್ ಪಾದ್ರಿಯ ಮನೆಗೆ ಹೋದ. ಅಪ್ಪನಿಗೆ ಬುತ್ತಿ ಕೊಡಲು ಹೋಗಿದ್ದ ಜುದಿತ್ತಾ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

"ಮೂರೇ ಮೂರು ಹೊಡೀತೀನಿ, ಫಾದರ್."

"ಅಪ್ಪಣೆ ಇಲ್ಲ, ವಿಸ್ತಿನ್."

"ಅವನು ಮಾತಾಡಿದ್ದು ಕೇಳಿಸಬಾರದು ಅಂತ ಎರಡೂವರೆ ತಾಸು ಹೊಡಿಸಿದ್ರಿ. ಸತ್ತ ಅಂತ ಹೇಳೋಕೆ ಮೂರು ಹೊಡೆತಕ್ಕೆ ಅಪ್ಪಣೆ ಇಲ್ವಾ?"

"ಅಪ್ಪಣೆ ನಂದಲ್ಲಪ್ಪ. ಬಿಷಪ್ಪರದು."

"ಬಿಷಪ್ಪರಿಗೆ ಯಾರು ಕೊಟ್ರು?"

"ದೇವರು."

"ಯಾವಾಗ? ನಾನು ಇಷ್ಟು ವರ್ಷ ಆ ಗೋಪುರದ ತುದೀಲೇ ಇದೀನಿ. ಅಷ್ಟು ಎತ್ತರದಲ್ಲಿದ್ದೂ ನನಗೆ ಕೇಳಿಸಲಿಲ್ಲ."

ದುನ್ ಅಲ್ವಿಜ್ ಸಿಟ್ಟಾಗಲಿಲ್ಲ. "ಇಗರ್ಜಿ ಹೇಳಿದ್ದನ್ನ ಒಪ್ಪಿಕೊಳ್ಳೋದೇ ವಿಶ್ವಾಸ. ನಿನಗೆ ಸರಿ ಕಂಡಾಗ ಮಾತ್ರ ಒಪ್ತೀನಿ ಅಂದ್ರೆ ಅದು ವ್ಯಾಪಾರ," ಎಂದರು.

"ಹಾಗಾದ್ರೆ ನಾನು ಅಂಗಡಿ ಮುಚ್ಚಿದೆ ಅಂತ ಬರ್ಕೊಳ್ಳಿ," ಎಂದು ವಿಸ್ತಿನ್ ಗೋಪುರದ ಕೀಲಿಯನ್ನು ಮೇಜಿನ ಮೇಲಿಟ್ಟ. ಜುದಿತ್ತಾ ತಂದಿದ್ದ ಬುತ್ತಿಯನ್ನು ದಾರಿಯಲ್ಲೇ ಒಂದು ಗೋಡೆಯ ಮೇಲೆ ಕೂತು ಪೂರ್ತಿ ತಿಂದ.

ಮತ್ತೆಂದೂ ಅವನು ಇಗರ್ಜಿಯ ಮೆಟ್ಟಿಲು ಹತ್ತಲಿಲ್ಲ. ಈಸ್ಟರಿಗೆ ಮನೆಗಳಿಗೆ ಮಂತ್ರಿಸಿದ ನೀರು ಚಿಮುಕಿಸುತ್ತ ಬಂದ ಪಾದ್ರಿ ಈ ಬಾಗಿಲನ್ನು ದಾಟಿಕೊಂಡು ಪಕ್ಕದ ಮನೆಗೆ ಹೋದರು. ಮೂರು ವರ್ಷವೂ ಹಾಗೇ. ಚೆನ್ಸಾ ಪ್ರತಿ ಸಲವೂ ಹೊಸಲು ತೊಳೆದು, ಬಿಳಿ ಬಟ್ಟೆ ಹಾಸಿ ಕಾದಳು. ಪ್ರತಿ ಸಲವೂ ಅದನ್ನು ಮಡಿಚಿ ಒಳಗಿಟ್ಟಳು. "ದೇವರಿಗೆ ನಮ್ಮನೆ ಗೊತ್ತು ಕಣೆ. ಯಾರೂ ಕೈಹಿಡಿದು ಕರ್ಕೊಂಡು ಬರಬೇಕಾಗಿಲ್ಲ," ಎನ್ನುತ್ತಿದ್ದ ವಿಸ್ತಿನ್. ಅವಳಿಗೆ ಅದರಿಂದ ಸಮಾಧಾನವಾಗಲಿಲ್ಲ. ಅವಳು ಗಂಡನನ್ನು ಪ್ರೀತಿಸುತ್ತಿದ್ದಳು, ನರಕಕ್ಕೆ ಹೆದರುತ್ತಿದ್ದಳು. ಎರಡೂ ಒಂದೇ ಹಾಸಿಗೆಯಲ್ಲಿ ಮಲಗಿದರೆ ನಿದ್ದೆ ಎಲ್ಲಿಂದ ಬರಬೇಕು?

*

ದುನ್ ಅಲ್ವಿಜ್ ಮಧ್ಯಾಹ್ನ ಬಂದರು, ಜೊತೆಗೆ ಸಾಕ್ಷಿಗೆ ಇಗರ್ಜಿಯ ಇಬ್ಬರು ಹಿರಿಯರು. ಬಾಗಿಲ ಬಳಿ ಬಂದು ನಿಂತಿದ್ದ ಹಡಗುಕಟ್ಟೆಯ ಪಕ್ಷದ ಗಂಡಸರು ದಾರಿ ಬಿಟ್ಟರು, ಟೋಪಿ ತೆಗೆಯಲಿಲ್ಲ. ಅವರಲ್ಲಿ ಸತ್ತ ಜಮ್ರಿಯ ತಮ್ಮ ಝಾರೆನ್ ಕೂಡ ಇದ್ದ. ಬೀದಿಯ ನಾಯಿ ಎದ್ದು ನೆರಳು ಬಿಟ್ಟು ದೂರ ಹೋಯಿತು.

ಪಾದ್ರಿ ಹೆಣದ ಮುಖವನ್ನು ಬಹಳ ಹೊತ್ತು ನೋಡಿದರು. ಅವರ ಕಣ್ಣಲ್ಲಿ ನೀರಿತ್ತು. ಅದು ನಾಟಕವಲ್ಲ ಎಂದು ಜುದಿತ್ತಾಳಿಗೆ ಗೊತ್ತು. ಅದಕ್ಕೇ ಅವಳಿಗೆ ಹೆಚ್ಚು ಭಯವಾಯಿತು.

"ಹೇಳಮ್ಮ. ಅವನ ಕೈ ಎದ್ದಿತಾ?"

"ಎದ್ದಿತು."

ಚೆನ್ಸಾಳ ಬಾಯಿಂದ ಒಂದು ಸಣ್ಣ ಸದ್ದು ಹೊರಟಿತು. ಹಿರಿಯರಲ್ಲೊಬ್ಬ ಕಾಗದ ಬಿಡಿಸಿದ.

"ಹಣೆ ಕಡೆಗಾ?"

ನಸುಕಿನಲ್ಲಿ, ಅಮ್ಮ ನೀರು ತರಲು ಅಂಗಳಕ್ಕೆ ಹೋಗಿದ್ದಾಗ, ಅಪ್ಪನ ಬಲಗೈ ಹೊದಿಕೆಯಿಂದ ಹೊರಗೆ ಬಂದಿತ್ತು. ಮುಷ್ಟಿ ಬಿಗಿದು ತಲೆಯ ಮೇಲಕ್ಕೆ ಎದ್ದು, ನಿಧಾನವಾಗಿ ಎದೆಯವರೆಗೆ ಇಳಿದಿತ್ತು. ಒಂದು ಉಸಿರು. ಮತ್ತೆ ಎದ್ದು ಇಳಿಯಿತು. ಇನ್ನೊಂದು ಉಸಿರು. ಮೂರನೆಯ ಸಲ ಇಳಿದದ್ದು ಮತ್ತೆ ಏಳಲಿಲ್ಲ. ಎದ್ದದ್ದು ನಿಜ, ಇಳಿದದ್ದು ನಿಜ, ದಾರಿಯಲ್ಲಿ ಹಣೆಯೂ ಇತ್ತು. ಹೌದು ಎಂದರೆ ಸುಳ್ಳೆಂದು ಯಾರೂ ಹೇಳುವಂತಿಲ್ಲ. ಅಮ್ಮನಿಗೆ ಅಪ್ಪನ ಪಕ್ಕದ ಜಾಗ ಸಿಗುತ್ತದೆ. ಜುದಿತ್ತಾ ಹೌದು ಎನ್ನುವುದರಲ್ಲಿದ್ದಳು.

"ಹೆದರಬೇಡ," ಎಂದರು ಪಾದ್ರಿ ಮೆಲ್ಲಗೆ. "ವಿಸ್ತಿನ್ ಮರಳಿ ಬಂದ ಅಂತ ಭಾನುವಾರ ಪೀಠದಿಂದ ನಾನೇ ಓದ್ತೀನಿ. ಇನ್ನೂ ಹನ್ನೊಂದು ಮನೆಯವರು ಹೊರಗಿದಾರೆ. ಗಂಟೆಯವನೇ ಕೊನೆಗೆ ಬಗ್ಗಿದ ಅಂತ ಅವರು ಕೇಳಿಸ್ಕೊಳ್ಳಲಿ."

ಜುದಿತ್ತಾ ಬಾಗಿಲ ಕಡೆ ನೋಡಿದಳು. ಝಾರೆನ್ ನೆಲ ನೋಡುತ್ತಿದ್ದ.

"ಸತ್ತ ಮೇಲೂ ಅಪ್ಪನ ಕೈಲೇ ಗಂಟೆ ಹೊಡಿಸ್ತೀರಾ, ಫಾದರ್?"

"ಏನಂದೆ?"

"ಹಣೆ ಕಡೆಗಲ್ಲ. ಹಗ್ಗ ಎಳೀತಿದ್ರು ಅವರು. ಮೂರು ಸಲ. ಜಮ್ರಿ ಮಾವನಿಗೆ ಹೊಡೀಬೇಡ ಅಂದ್ರಲ್ಲ, ಆ ಮೂರು."

ಕಾಗದದ ಮೇಲೆ ಪೆನ್ನು ನಿಂತಿತು. "ಒಂದು ಸಲ ಯೋಚನೆ ಮಾಡು. ನಿಮ್ಮಮ್ಮ ಎಲ್ಲಿ ಮಲಗಬೇಕು ಅನ್ನೋದನ್ನೂ ನೀನೇ ತೀರ್ಮಾನಿಸ್ತಿದೀಯ. ನಾನು ಈ ಬಾಗಿಲು ದಾಟಿ ಹೋದ ಮೇಲೆ ಮತ್ತೆ ಬರೋಕಾಗಲ್ಲ," ಎಂದರು ದುನ್ ಅಲ್ವಿಜ್. ಬೆದರಿಕೆಯ ದನಿಯಿರಲಿಲ್ಲ, ಮಳೆ ಬರುತ್ತದೆ ಎಂದು ಹೇಳುವವರ ಹಾಗೆ ಹೇಳಿದರು.

"ನಾನು ಕಂಡಿದ್ದು ಅಷ್ಟೇ."

ಅವರು ಹೋದರು. ಚೆನ್ಸಾ ಮಗಳಿಗೆ ಬಯ್ಯಲಿಲ್ಲ, ಹೊಡೆಯಲಿಲ್ಲ. ಮಡಿಲ ಜಪಮಾಲೆಯನ್ನು ಎತ್ತಿ ತನ್ನ ಜೇಬಿಗೆ ಹಾಕಿಕೊಂಡು ಗೋಡೆಯ ಕಡೆ ತಿರುಗಿ ಕೂತಳು. "ಅಮ್ಮಾ," ಎಂದು ಎರಡು ಸಲ ಕರೆದರೂ ತಿರುಗಲಿಲ್ಲ. ತನಗೆ ತಾಯಿಯೂ ಇವತ್ತೇ ಹೋದಳು ಎನಿಸಿ ಜುದಿತ್ತಾ ಬಿಕ್ಕಿ ಬಿಕ್ಕಿ ಅತ್ತಳು.

"ಸ್ಪಿರುಗೆ ಹೇಳಿ ಕಳಿಸಿ," ಎಂದಳು ಪಾವ್ಲಾ. "ಹಾರೆ ಹಾಕಲಿ."

*

ಪೆಟ್ಟಿಗೆಯನ್ನು ಝಾರೆನ್ ಮತ್ತು ಹಡಗುಕಟ್ಟೆಯ ಐವರು ಹೊತ್ತರು. ಹೆಂಗಸರು ಸ್ಮಶಾನಕ್ಕೆ ಹೋಗುವ ಪದ್ಧತಿ ಇಲ್ಲ, ಜುದಿತ್ತಾ ಹೋದಳು. ಪಾವ್ಲಾ, ಗೋಡೆಗೆ ಮುಖ ಮಾಡಿದ ನಾದಿನಿಯ ಜೊತೆ ಉಳಿದಳು.

ಶಿಲುಬೆ ಇಲ್ಲ, ಧೂಪ ಇಲ್ಲ, ಪಾದ್ರಿ ಇಲ್ಲ. ಪೆಟ್ಟಿಗೆ ಮುಂದೆ ಸಾಗಿದಂತೆ ಬೀದಿಯ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ಕೊನೆಯ ಮನೆಯ ಮುದುಕನೊಬ್ಬ ಒಳಗೆ ಹೋಗಲು ತಡವಾಗಿ, ಏನು ಮಾಡಬೇಕೆಂದು ತೋಚದೆ ಬೆನ್ನು ತಿರುಗಿಸಿ ನಿಂತ. ಅವನ ಹೆಂಡತಿಗೆ ವಿಸ್ತಿನ್ ಎರಡು ಹೊಡೆತ ಹೊಡೆದದ್ದು ಜುದಿತ್ತಾಳಿಗೆ ನೆನಪಿತ್ತು.

ಸ್ಮಶಾನದ ದೊಡ್ಡ ಬಾಗಿಲಿಗೆ ಬೀಗ ಹಾಕಿತ್ತು. ಗೋಡೆಯ ಹೊರಗಡೆ ಸುತ್ತಿಕೊಂಡು, ಪಾಪಾಸುಕಳ್ಳಿಯ ನಡುವಿನ ಕಾಲುದಾರಿಯಲ್ಲಿ ತಿಪ್ಪೆಗೆ ಬಂದರು. ಜಮ್ರಿಯ ಗುಡ್ಡೆಯ ಪಕ್ಕದಲ್ಲಿ ಸ್ಪಿರು ಗುಂಡಿ ತೋಡಿ ಮುಗಿಸಿದ್ದ. ನಾಲ್ಕು ಮೂಲೆಗೆ ನಾಲ್ಕು ಗೂಟ, ಸುತ್ತ ಆ ಗಂಟುಗಂಟಿನ ಹುರಿ. ಒಬ್ಬನಿಗೆ ಎಷ್ಟು ಬೇಕೋ ಅಷ್ಟೇ.

ಪೆಟ್ಟಿಗೆ ಇಳಿಯಿತು. ಝಾರೆನ್ ಟೋಪಿ ತೆಗೆದ. "ವಿಸ್ತಿನ್ ನಮ್ಮ ಪಕ್ಷದೋರಲ್ಲ," ಎಂದು ಶುರುಮಾಡಿದ. "ಒಂದು ಕಾಲದಲ್ಲಿ ನಮ್ಮ ಬಾಯಿ ಮುಚ್ಚಿಸಿದೋರು. ಆದ್ರೆ ಆಮೇಲೆ..."

ಗೋಪುರದಲ್ಲಿ ಗಂಟೆ ಹೊಡೆಯಿತು. ಎಲ್ಲರೂ ಗಕ್ಕನೆ ತಲೆ ಎತ್ತಿದರು. ಜುದಿತ್ತಾ ಒಂದು ಎಂದು ಎಣಿಸಿದಳು: ಪಾದ್ರಿಯ ಮನಸ್ಸು ಕರಗಿತೇ? ಎರಡನೆಯದು ಉಸಿರಿಗೂ ಕಾಯದೆ ಬಿತ್ತು. ಮೂರನೆಯದು, ನಾಲ್ಕನೆಯದು, ಆಮೇಲೆ ನಾಲ್ಕೂ ಗಂಟೆಗಳು ಒಂದರ ಮೇಲೊಂದು ಬಿದ್ದು ಕಿರುಚತೊಡಗಿದವು. ಹೊಸ ಗಂಟೆಯವನಿಗೆ ಕೈ ಪಳಗಿರಲಿಲ್ಲ. ನಾಲ್ಕು ಜನ ಸೇರಿ ಭಾಷಣ ಮಾಡಿದರೆ ಅದು ಸಭೆಯೇ, ಸಭೆಗೆ ಅಪ್ಪಣೆ ಹಳೆಯದೇ. ಝಾರೆನ್‌ನ ಬಾಯಿ ಆಡುತ್ತಿತ್ತು, ಒಂದು ಮಾತೂ ಕೇಳಿಸುತ್ತಿರಲಿಲ್ಲ. ಗುಂಡಿಯೊಳಗಿನ ಪೆಟ್ಟಿಗೆಯ ಮುಚ್ಚಳದ ಮೇಲೆ ಕಲ್ಲಿನ ಪುಡಿ ನಡುಗುತ್ತಿತ್ತು. ಹೊತ್ತು ತಂದವರಲ್ಲಿ ಇಬ್ಬರು ಹೆದರಿ ಹಿಂದೆ ಸರಿದರು.

ಆಗ ಕಳ್ಳಿಯ ದಾರಿಯಲ್ಲಿ ಚೆನ್ಸಾ ಬಂದಳು. ಇಗರ್ಜಿಗೆ ಹೋಗುವಾಗ ತಲೆಯಿಂದ ಮಂಡಿಯವರೆಗೆ ಹೊದೆಯುವ ಕರಿಯ ಮುಸುಕನ್ನು ಹೊದ್ದಿದ್ದಳು. ಹಿಂದೆ ಏದುಸಿರು ಬಿಡುತ್ತ ಪಾವ್ಲಾ. ಚೆನ್ಸಾ ಯಾರನ್ನೂ ನೋಡದೆ ಸ್ಪಿರುವಿನ ಮುಂದೆ ನಿಂತು ಏನೋ ಹೇಳಿದಳು. ಸ್ಪಿರು ಕಿವಿಗೆ ಕೈ ಹಿಡಿದ. ಮತ್ತೆ ಹೇಳಿದಳು. ಅವನು ತಲೆಯಾಡಿಸಿದ, ಕೇಳಿಸಲಿಲ್ಲವೆಂದು.

ಅವಳು ಮುಸುಕನ್ನು ತೆಗೆದು ಮಗಳ ಕೈಗೆ ಕೊಟ್ಟಳು. ಬಗ್ಗಿ, ಗುಂಡಿಯ ಬದಿಯ ಗೂಟವೊಂದನ್ನು ಅಲ್ಲಾಡಿಸಿ ಕಿತ್ತಳು. ಹುರಿಯ ಸಮೇತ ಅದನ್ನು ಎಳೆದುಕೊಂಡು ಹೋಗಿ, ಇನ್ನೊಬ್ಬರು ಮಲಗುವಷ್ಟು ಅಗಲ ಬಿಟ್ಟು ನೆಲಕ್ಕೆ ಊರಿದಳು. ಪಕ್ಕದ ಕಲ್ಲೊಂದನ್ನು ಎರಡೂ ಕೈಯಿಂದ ಎತ್ತಿ ಗೂಟದ ತಲೆಗೆ ಹೊಡೆದಳು. ಉಸಿರು ತೆಗೆದುಕೊಂಡಳು. ಮತ್ತೆ ಹೊಡೆದಳು. ಇನ್ನೊಂದು ಉಸಿರು. ಮೂರನೆಯ ಹೊಡೆತಕ್ಕೆ ಗೂಟ ಗಟ್ಟಿಯಾಗಿ ನಿಂತಿತು, ಹುರಿ ಬಿಗಿಯಿತು. ಅವಳು ಕಲ್ಲನ್ನು ಕೆಳಗಿಟ್ಟು ಕೈ ಒರೆಸಿಕೊಂಡಳು.